ಲೋಕಾಂತ್ಯದ ಲೆಕ್ಕಾಚಾರ: ಅಗಸ್ಟೀನ್ ಮತ್ತು ಜೋಕಿಮ್

ಕ್ರಿ.ಶ. 410ರಲ್ಲಿ ಅಲಾರಿಕ್‌ನ ನಾಯಕತ್ವದ ವಿಸಿಗಾಥರು ರೋಮ್ ನಗರವನ್ನು ಸೂರೆಗೊಂಡರು. ಪುರಾತನ ದೇವತೆಗಳನ್ನು ತೊರೆದುದರ ಫಲವಿದೆಂದು ಕೆಲವರು ಕ್ರೈಸ್ತರನ್ನು ದೂಷಿಸಿದರು. ಕ್ರೈಸ್ತರಲ್ಲಿಯೂ ಲೋಕಾಂತ್ಯವು ಸಮೀಪಿಸಿತೆಂಬ ಭೀತಿ ಹುಟ್ಟಿತು. ಇವರಿಬ್ಬರಿಗೂ ಉತ್ತರವಾಗಿ ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ 413ರಿಂದ 426ರವರೆಗೆ ‘ದೇವರ ನಗರ’ವೆಂಬ 22 ಸಂಪುಟಗಳ ಗ್ರಂಥವನ್ನು ರಚಿಸಿದನು. ಮಧ್ಯಯುಗದ ಕ್ರೈಸ್ತ ಇತಿಹಾಸದೃಷ್ಟಿಗೆ ಇದೇ ತಳಹದಿ.

ಕಾಲವು ಚಕ್ರದಂತೆ ಮರಳಿ ಮರಳಿ ಸುತ್ತುತ್ತದೆಂಬ ಗ್ರೀಕ್ ತತ್ತ್ವಜ್ಞರ ಮತವನ್ನು ಅಗಸ್ಟೀನ್ ನಿರಾಕರಿಸಿದನು. ಕ್ರಿಸ್ತನ ಮರಣ ಒಮ್ಮೆ ಮಾತ್ರ ಘಟಿಸಿದುದು. ಆದುದರಿಂದ ಇತಿಹಾಸವೂ ಸೃಷ್ಟಿಯಿಂದ ಅಂತಿಮ ತೀರ್ಪಿನೆಡೆಗೆ ಸಾಗುವ ಸರಳರೇಖೆ. ಸೃಷ್ಟಿಯ ಆರು ದಿನಗಳಿಗೆ ಅನುಗುಣವಾಗಿ ಆತನು ಆರು ಯುಗಗಳನ್ನು ಹೇಳಿದನು: ಆದಾಮನಿಂದ ಜಲಪ್ರಳಯ, ಅಲ್ಲಿಂದ ಅಬ್ರಹಾಮ, ಅನಂತರ ದಾವೀದ, ಬ್ಯಾಬಿಲೋನಿನ ಸೆರೆ, ಕ್ರಿಸ್ತಜನನ. ಕ್ರಿಸ್ತನೊಡನೆ ಮೊದಲಾದ ಆರನೆಯದು ಕೊನೆಯ ಯುಗ; ಅದರ ಅವಧಿಯನ್ನು ಮನುಷ್ಯರು ಎಣಿಸಲಾಗದು. ‘ಪ್ರಕಟನೆ’ ಗ್ರಂಥದ ಸಾವಿರ ವರ್ಷಗಳ ಆಳ್ವಿಕೆಯೂ ಮುಂದೆ ಬರುವ ರಾಜ್ಯವಲ್ಲ, ಚರ್ಚಿನ ವರ್ತಮಾನ ಕಾಲವೇ ಎಂದು ಆತನು ಅರ್ಥೈಸಿದನು. ಹೀಗೆ ಯಾವ ಸಾಮ್ರಾಜ್ಯದ ಏಳುಬೀಳೂ ಲೋಕಾಂತ್ಯದ ಸೂಚನೆಯಾಗಿ ಉಳಿಯಲಿಲ್ಲ.

ಆದರೆ ಎಣಿಕೆಯ ಹಂಬಲ ಅಷ್ಟರಿಂದ ಅಡಗಲಿಲ್ಲ. ಪ್ರತಿಯುಗಕ್ಕೆ ಸಾವಿರ ವರ್ಷವೆಂದೂ, ಜಗತ್ತಿನ ಆಯುಸ್ಸು ಆರು ಸಾವಿರವೆಂದೂ ಜನ ನಂಬಿದ್ದರು. ಇಂಗ್ಲೆಂಡಿನ ಸನ್ಯಾಸಿ ಬೀಡ್ ಸೃಷ್ಟಿಯಿಂದ ಕ್ರಿಸ್ತಜನನಕ್ಕೆ 3952 ವರ್ಷಗಳೆಂದು ಗಣಿಸಿದಾಗ, 708ರಲ್ಲಿ ಆತನ ಮೇಲೆ ಪಾಷಂಡತೆಯ ಆರೋಪ ಬಂದಿತು. 725ರ ಕಾಲಗಣನೆಯ ಗ್ರಂಥದಲ್ಲಿ ಬೀಡ್ ಆ ನಂಬಿಕೆಯನ್ನೇ ಖಂಡಿಸಿದನು.

ಅಗಸ್ಟೀನ್ ಮುಚ್ಚಿದ ಬಾಗಿಲನ್ನು ಮತ್ತೆ ತೆರೆದವನು ದಕ್ಷಿಣ ಇಟಲಿಯ ಕಲಾಬ್ರಿಯದ ಮಠಾಧಿಪತಿ, ಫಿಯೋರೆಯ ಜೋಕಿಮ್. 1202ರಲ್ಲಿ ತೀರಿಕೊಂಡ ಈತನು ತ್ರಿತ್ವವನ್ನೇ ಇತಿಹಾಸದಲ್ಲಿ ಕಂಡನು. ಪಿತನ ಸ್ಥಿತಿ ಗೃಹಸ್ಥರದು, ಪುತ್ರನ ಸ್ಥಿತಿ ಪಾದ್ರಿಗಳದು, ಮುಂದೆ ಬರಲಿರುವ ಪವಿತ್ರಾತ್ಮನ ಸ್ಥಿತಿ ಸನ್ಯಾಸಿಗಳದು; ಆಗ ಶಾಸ್ತ್ರದ ಒಳಅರ್ಥ ತಾನಾಗಿ ಬೆಳಗುವುದು. ಅಬ್ರಹಾಮನಿಂದ ಕ್ರಿಸ್ತನವರೆಗೆ 42 ತಲೆಮಾರುಗಳೆಂದು ಮತ್ತಾಯನ ಸುವಾರ್ತೆ ಎಣಿಸುತ್ತದೆ. ಕ್ರಿಸ್ತನ ಅನಂತರವೂ ಅಷ್ಟೇ ತಲೆಮಾರುಗಳು. ತಲೆಮಾರಿಗೆ 30 ವರ್ಷದಂತೆ 1260. ‘ಪ್ರಕಟನೆ’ಯಲ್ಲಿ ಬರುವ ದಿನಗಳ ಸಂಖ್ಯೆಯೂ ಅದೇ. ಖಚಿತ ವರ್ಷವನ್ನು ಸಾರುವಲ್ಲಿ ಜೋಕಿಮ್ ಎಚ್ಚರದಿಂದಿದ್ದನು. ಅನುಯಾಯಿಗಳಲ್ಲಿ ಆ ಸಂಯಮವಿರಲಿಲ್ಲ.

ಫ್ರಾನ್ಸಿಸ್ಕನ್ ಸನ್ಯಾಸಿ ಗೆರಾರ್ಡೊ 1254ರಲ್ಲಿ ಪ್ಯಾರಿಸ್ಸಿನಲ್ಲಿ, ಜೋಕಿಮನ ಕೃತಿಗಳೇ ‘ಶಾಶ್ವತ ಸುವಾರ್ತೆ’, ಹಳೆಯ ಹೊಸ ಒಡಂಬಡಿಕೆಗಳ ಕಾಲ ಮುಗಿಯಿತು ಎಂದು ಸಾರಿದನು. ಮರುವರ್ಷವೇ ಪೋಪ್ ನಾಲ್ಕನೆಯ ಅಲೆಕ್ಸಾಂಡರ್ ಆ ಪುಸ್ತಕವನ್ನು ಖಂಡಿಸಿದನು. ಗೆರಾರ್ಡೊ ಸೆರೆಮನೆಯಲ್ಲೇ ಸತ್ತನು. 1260ರಲ್ಲಿ ಇಟಲಿಯ ಪೆರೂಜಾದಿಂದ ಹೊರಟ ಮೆರವಣಿಗೆಗಳಲ್ಲಿ ಜನ ತಮ್ಮ ಮೈಗೆ ತಾವೇ ಚಾವಟಿಯಿಂದ ಹೊಡೆದುಕೊಳ್ಳುತ್ತ ಊರೂರು ತಿರುಗಿದರು. ವರ್ಷ ಕಳೆಯಿತು, ಜಗತ್ತು ಬದಲಾಗಲಿಲ್ಲ. ಪಾರ್ಮಾದ ಸಲಿಂಬೇನೆ ಎಂಬ ಸನ್ಯಾಸಿ ಮೊದಲು ಜೋಕಿಮನ ಮತವನ್ನು ನಂಬಿದ್ದವನು. ಕ್ರಿಸ್ತವಿರೋಧಿಯೆಂದು ಎಣಿಸಲಾಗಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1250ರಲ್ಲಿಯೇ ಸತ್ತು, 1260ೂ ಸರಿದ ಮೇಲೆ, ಕಣ್ಣಾರೆ ಕಂಡುದನ್ನಲ್ಲದೆ ಬೇರೇನನ್ನೂ ನಂಬೆನೆಂದು ತನ್ನ ವೃತ್ತಾಂತದಲ್ಲಿ ಬರೆದಿಟ್ಟನು.

ಅಗಸ್ಟೀನನ ದೃಷ್ಟಿಯಲ್ಲಿ ಇತಿಹಾಸದೊಳಗೆ ಹೊಸತೇನನ್ನೂ ನಿರೀಕ್ಷಿಸುವಂತಿಲ್ಲ, ಆದರೆ ಯಾವ ತಾರೀಖೂ ಅದನ್ನು ಸುಳ್ಳಾಗಿಸಲಾರದು. ಜೋಕಿಮ್ ಈ ಲೋಕದ ನಾಳೆಗೆ ಬೆಲೆ ತಂದುಕೊಟ್ಟನು. ಆ ನಾಳೆಗೆ ದಿನ ಗೊತ್ತುಮಾಡಿದವರು ಅದರ ದಂಡವನ್ನು ತೆತ್ತರು.