ಶಿವನಸಮುದ್ರದಿಂದ ಪೀಣ್ಯದವರೆಗೆ ಒಂದೇ ಲೆಕ್ಕ

1902ರ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಇಷ್ಟು ದೂರ ಸಾಗುವಷ್ಟರಲ್ಲಿ ವಿದ್ಯುತ್ತೆಲ್ಲ ತಂತಿಯಲ್ಲೇ ಕರಗಿಹೋಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಎರಡು ಸರಳ ಸೂತ್ರಗಳಲ್ಲಿದೆ.

ಜಲಪಾತದ ಎತ್ತರವನ್ನು ವೋಲ್ಟೇಜ್ ಎಂದೂ ಹರಿಯುವ ನೀರಿನ ಪ್ರಮಾಣವನ್ನು ಕರೆಂಟ್ ಎಂದೂ ಭಾವಿಸೋಣ. ಹರಿವಿಗೆ ಅಡ್ಡಿಯಾಗುವ ಗುಣವೇ ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಜರ್ಮನಿಯ ಶಾಲಾ ಉಪಾಧ್ಯಾಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವಿದು. ಅವೆರಡನ್ನೂ ಗುಣಿಸಿದರೆ ಸಿಗುವುದು ಶಕ್ತಿ, ಅಂದರೆ ವಾಟ್. ಮನೆಯ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ ಅದರ ರೋಧ 46 ಓಮ್, ಶಕ್ತಿ 1,150 ವಾಟ್.

ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿಯ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1841ರಲ್ಲಿ ತೋರಿಸಿಕೊಟ್ಟ. ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ರೋಧದಿಂದ ಗುಣಿಸಬೇಕು. ಕರೆಂಟ್ ಹತ್ತು ಪಟ್ಟಾದರೆ ನಷ್ಟ ನೂರು ಪಟ್ಟು!

ಗಣಿಗಳಿಗೆ ಕಳುಹಿಸಬೇಕಾಗಿದ್ದದ್ದು ಸುಮಾರು 4,000 ಕುದುರೆಶಕ್ತಿ, ಅಂದರೆ ಹೆಚ್ಚುಕಡಿಮೆ 3,000 ಕಿಲೋವಾಟ್. ಮಾರ್ಗದ ರೋಧ 10 ಓಮ್ ಎಂದಿಟ್ಟುಕೊಳ್ಳಿ. 30,000 ವೋಲ್ಟಿನಲ್ಲಿ ಕಳುಹಿಸಿದರೆ 100 ಆಂಪಿಯರ್ ಸಾಕು, ನಷ್ಟ 100 ಕಿಲೋವಾಟ್. 3,000 ವೋಲ್ಟಿನಲ್ಲಾದರೆ 1,000 ಆಂಪಿಯರ್ ಬೇಕು, ನಷ್ಟ 10,000 ಕಿಲೋವಾಟ್. ಕಳುಹಿಸಿದ್ದಕ್ಕಿಂತ ನಷ್ಟವೇ ಹೆಚ್ಚೆಂದರೆ ಅದು ಆಗದ ಮಾತು! ಮೂರು ಫೇಸಿನ ನಿಜವಾದ ಮಾರ್ಗದ ಲೆಕ್ಕ ಇನ್ನಷ್ಟು ತೊಡಕಿನದು. ತತ್ತ್ವ ಮಾತ್ರ ಇದೇ. ಆದ್ದರಿಂದಲೇ ಟ್ರಾನ್ಸ್‌ಫಾರ್ಮರುಗಳ ನೆರವಿನಿಂದ ವೋಲ್ಟೇಜನ್ನು ಮೂವತ್ತು ಸಾವಿರದ ಮಟ್ಟಕ್ಕೆ ಏರಿಸಿ, ಗಣಿಯ ಬಳಿ ಮತ್ತೆ ಇಳಿಸಿದರು.

1905ರಲ್ಲಿ ಇದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಗರ ಬೆಳೆದು 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು, ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿದವು. ಇಂದು ಪೀಣ್ಯದ ಸ್ವೀಕರಣಾ ಕೇಂದ್ರದಲ್ಲಿ 2,20,000 ವೋಲ್ಟ್, ವೈಟ್‌ಫೀಲ್ಡ್ ಪಕ್ಕದ ಹೂಡಿಯಲ್ಲಿ 4,00,000 ವೋಲ್ಟ್. ಅಂಕಿಗಳು ದೊಡ್ಡವಾದರೂ ಕಾರಣ ಹಳೆಯದೇ.

ಆ ವಿದ್ಯುತ್ತು ಹಂತಹಂತವಾಗಿ ಇಳಿದು ಸಣ್ಣ ವರ್ಕ್‌ಶಾಪಿನ ಲೇತ್‌ಗೆ ಬರುವಾಗ ಸುಮಾರು 415 ವೋಲ್ಟ್. ಲೇತಿನ ಮೋಟಾರಿಗೆ ಅದೇ ಸೂತ್ರ ತಿರುಗುಬಾಣವಾಗುವುದುಂಟು. ವೋಲ್ಟೇಜ್ ಐದನೇ ಒಂದು ಭಾಗ ಕುಸಿದರೂ ಕೆಲಸದ ಹೊರೆ ಇಳಿಯುವುದಿಲ್ಲ; ಮೋಟಾರು ಸುಮಾರು ಕಾಲುಭಾಗ ಹೆಚ್ಚು ಕರೆಂಟ್ ಎಳೆಯುತ್ತದೆ. ಸುರುಳಿಯ ಶಾಖವೋ ಒಂದೂವರೆ ಪಟ್ಟು ದಾಟುತ್ತದೆ. ಹೀಗೇ ಓಡಿದರೆ ತಂತಿಯ ಹೊದಿಕೆ ಸುಟ್ಟು, ರೀವೈಂಡಿಂಗ್ ಖರ್ಚು ಬೀಳುತ್ತದೆ. ಯಂತ್ರ ನಿಂತ ದಿನಗಳ ಉತ್ಪಾದನೆಯೂ ಹೋಗುತ್ತದೆ. ‘ಕರೆಂಟ್ ಡಲ್ಲಾಗಿದೆ’ ಎನ್ನುವಾಗ ನಿಜವಾಗಿ ಡಲ್ಲಾಗಿರುವುದು ವೋಲ್ಟೇಜ್, ಕರೆಂಟ್ ಏರಿರುತ್ತದೆ.

ಯಂತ್ರದ ಪಕ್ಕದ ಫಲಕದಲ್ಲಿರುವ ಎರಡು ಮೀಟರುಗಳು ಅಲಂಕಾರಕ್ಕಲ್ಲ. ವೋಲ್ಟ್ ಇಳಿದು ಆಂಪಿಯರ್ ಏರಿದಾಗ ಸ್ವಿಚ್ ಆರಿಸುವಷ್ಟು ತಿಳಿವಳಿಕೆ ಕೆಲಸಗಾರನಿಗಿದ್ದರೆ ಮೋಟಾರೂ ಉಳಿಯುತ್ತದೆ, ಆ ದಿನದ ದುಡಿಮೆಯೂ ಉಳಿಯುತ್ತದೆ.