ಹಜ್ ಯಾತ್ರಿಕರ ಗಂಟಿನಲ್ಲಿ ಎರಡು ತುಂಡು ಬಟ್ಟೆ

ಪರದೇಶಕ್ಕೆ ಹೊರಟವರು ಎಂಥ ಬಟ್ಟೆ ಒಯ್ಯಬೇಕೆಂಬುದು ವಿಮಾನಯುಗದ ಹೊಸ ಪ್ರಶ್ನೆಯೇನಲ್ಲ. ರಾಯಚೂರು ಸೀಮೆಯ ಹಜ್ ಯಾತ್ರಿಕರಿಗೆ ಅದು ಹಿಂದಿನಿಂದಲೂ ಇತ್ತು.

ಮುಂಬಯಿ ಹಾಗೂ ಮದರಾಸಿನ ರೈಲುಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆಗ ರೈಲಿಲ್ಲದ ದೇವದುರ್ಗ, ಮಾನ್ವಿಯವರೂ ರಾಯಚೂರಿಗೆ ಬಂದು ಗಾಡಿ ಹತ್ತಿದರೆ ಮುಂಬಯಿ ಬಂದರು ಸೇರಬಹುದಾಯಿತು. ಅಲ್ಲಿಂದ ಮುಂದೆ ಜಿದ್ದಾಕ್ಕೆ ಹಡಗು.

ಮೀಕಾತ್ ಎಂಬ ಗಡಿ ದಾಟುವ ಮೊದಲೇ ಗಂಡಸರು ಇಹ್ರಾಮ್ ಉಡಬೇಕು. ಅದು ಹೊಲಿಗೆಯಿಲ್ಲದ ಎರಡು ತುಂಡು ಬಟ್ಟೆ. ಒಂದು ನಡುವಿಗೆ, ಇನ್ನೊಂದು ಹೆಗಲಿಗೆ. ತಲೆ ಮುಚ್ಚುವಂತಿಲ್ಲ. ಹೆಂಗಸರಿಗೆ ಮೈತುಂಬ ಮುಚ್ಚುವ ನಿತ್ಯದ ಉಡುಪೇ ಸಾಕು. ಭಾರತದಿಂದ ಕಡಲಮಾರ್ಗವಾಗಿ ಹೋಗುವವರಿಗೆ ಈ ಗಡಿ ಯಲಮ್ಲಮ್. ಹೀಗಾಗಿ ಹಡಗಿನಲ್ಲೇ ಉಡುಪು ಬದಲಾಗುತ್ತಿತ್ತು; ಇಹ್ರಾಮ್ ಕೈಗೆ ಸಿಗುವಂತೆ ಗಂಟಿನ ಮೇಲ್ಭಾಗದಲ್ಲಿರಬೇಕಿತ್ತು.

ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ ಶೇರ್ವಾನಿ, ರೂಮಿ ಟೋಪಿಗಳು ಅಂತಸ್ತಿನ ಗುರುತಾಗಿದ್ದವು. ಗಡಿ ಸಮೀಪಿಸಿದಾಗ ಅವೂ ಪೆಟ್ಟಿಗೆ ಸೇರಬೇಕು. ಜಾಗೀರುದಾರನಿಗೂ ಗೇಣಿದಾರನಿಗೂ ಉಳಿಯುವುದು ಒಂದೇ ಬಗೆಯ ಬಟ್ಟೆ.

ಮುಂಬಯಿಯ ಹಜ್ ಹಡಗು ಸಂಚಾರ 1995ರಲ್ಲಿ ನಿಂತಿತು. ವಿಮಾನವು ಗಡಿಯನ್ನು ಆಕಾಶದಲ್ಲೇ ದಾಟುವುದರಿಂದ ಅನೇಕರು ಹೊರಡುವ ನಿಲ್ದಾಣದಲ್ಲಿಯೇ ಇಹ್ರಾಮ್ ಉಡುತ್ತಾರೆ. ಅದನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಸಾಮಾನಿನೊಡನೆ ಕಳುಹಿಸಿಬಿಟ್ಟರೆ ಪೇಚಾಟ ತಪ್ಪದು.

ಮರಳಿದ ಮೇಲೂ ಈ ಬಟ್ಟೆಯ ಕೆಲಸ ಮುಗಿಯುವುದಿಲ್ಲ. ಕೆಲವರು ಅದನ್ನು ಒಗೆದು ಮಡಿಸಿ, ತಮ್ಮ ಕಫನಿಗೆಂದು ಎತ್ತಿಡುತ್ತಾರೆ.