ಮೆರವಣಿಗೆಯಿಂದ ಕಛೇರಿಗೆ ಬಂದ ಸ್ಯಾಕ್ಸೋಫೋನ್



ಗುಂಪಿನಲ್ಲಿ ನುಡಿಸುವುದು ಬೇರೆ, ಒಬ್ಬನೇ ಸಭೆಯ ಮುಂದೆ ಕುಳಿತು ನುಡಿಸುವುದು ಬೇರೆ. ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಜೆಫ್ ಬೆಕ್ 1966ರಲ್ಲಿ ಯಾರ್ಡ್‌ಬರ್ಡ್ಸ್ ತಂಡದಿಂದ ಹೊರಬಂದರು. ಗಾಯಕರಿಲ್ಲದ, ಬರಿಯ ವಾದ್ಯಸಂಗೀತದ ಧ್ವನಿಮುದ್ರಿಕೆಯಿಂದ ಅವರು ಹೆಸರಾದದ್ದು 1975ರಲ್ಲಿ. ನಮ್ಮ ನಾಡಿನಲ್ಲಿಯೂ ಇದನ್ನು ಹೋಲುವ ಚರಿತ್ರೆಯೊಂದಿದೆ. ಇಲ್ಲಿ ಬ್ಯಾಂಡನ್ನು ಬಿಟ್ಟು ಬಂದದ್ದು ಒಂದು ವಾದ್ಯ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದನು. ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದ ಈ ಹಿತ್ತಾಳೆಯ ವಾದ್ಯ ನಮ್ಮಲ್ಲಿ ಅರಮನೆಯ ವಾದ್ಯವೃಂದವನ್ನೂ ಮದುವೆಯ ಮೆರವಣಿಗೆಯನ್ನೂ ಸೇರಿತು. ಚಳ್ಳಕೆರೆಯ ಮಂಡಿ ವರ್ತಕರ ಮನೆಯ ಮದುವೆಗಳಲ್ಲಿ, ಗ್ಯಾಸ್ ಲೈಟುಗಳ ಬೆಳಕಿನಲ್ಲಿ, ಬ್ಯಾಂಡಿನವರು ಸಿನಿಮಾ ಹಾಡು ನುಡಿಸುತ್ತ ಸಾಗುತ್ತಿದ್ದುದನ್ನು ನಾನು ಬಲ್ಲೆ. ಆ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ನಿಂತು ಆಲಿಸುತ್ತಿದ್ದವರು ವಿರಳ.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಆಲಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ಮೊದಲ ಪಾಠವೂ ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಅವರು ಮನಸೋತರು. ಆದರೆ ತೊಡಕು ದೊಡ್ಡದಿತ್ತು. ನಾಗಸ್ವರದ ರಂಧ್ರಗಳ ಮೇಲೆ ಬೆರಳು ನೇರವಾಗಿ ಆಡುತ್ತದೆ. ಸ್ವರವನ್ನು ಜಾರಿಸಬಹುದು, ತೂಗಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಮಕವಿಲ್ಲದೆ ಕರ್ನಾಟಕ ಸಂಗೀತವೆಲ್ಲಿ? ತುಟಿ, ಉಸಿರು, ಬೆರಳುಗಳನ್ನು ಹೊಸದಾಗಿ ಪಳಗಿಸಬೇಕಾಯಿತು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ಈ ಸಾಧನೆಗೆ ಸುಮಾರು ಎರಡು ದಶಕಗಳೇ ಹಿಡಿದವು.

ಅನಂತರ ಬ್ಯಾಂಡಿನ ವಾದ್ಯ ಕಛೇರಿಯ ನಡುವೆ ಕುಳಿತಿತು. ಪಿಟೀಲು, ಮೃದಂಗಗಳು ಅದಕ್ಕೆ ಪಕ್ಕವಾದ್ಯಗಳಾದವು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮನೇಡ್ ಉತ್ಸವದಲ್ಲಿ ನುಡಿಸಿದರು. ಅದೇ ವರ್ಷ ತೆರೆಕಂಡ ತಮಿಳಿನ ‘ಡ್ಯುಯೆಟ್’ ಚಿತ್ರದ ಸ್ಯಾಕ್ಸೋಫೋನ್ ನಾದವೂ ಅವರದೇ. 2004ರಲ್ಲಿ ಪದ್ಮಶ್ರೀ ಬಂದಿತು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪನವರೊಡನೆ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಹೊರಬಂದಿತು. 2019ರ ಅಕ್ಟೋಬರ್ 11ರಂದು ಅವರು ನಮ್ಮನ್ನು ಅಗಲಿದರು.

ಇದನ್ನೆಲ್ಲ ಬರೆಯಲು ಕಾರಣವಿದೆ. ಮೊಳಕಾಲ್ಮುರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಾನೆ. ಲಗ್ನದ ತಿಂಗಳುಗಳು ಕಳೆದರೆ ಕೈಯಲ್ಲಿ ಕಾಸಿಲ್ಲ. “ಸಾರ್, ಬ್ಯಾಂಡು ಬಿಟ್ಟು ಒಬ್ಬನೇ ನುಡಿಸಲೇ?” ಎಂದು ಕೇಳಿದ. ಮನೆಯಲ್ಲಿ ಇಬ್ಬರು ಮಕ್ಕಳಿರುವವನಿಗೆ ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನಲು ಮನಸ್ಸೂ ಬರಲಿಲ್ಲ. “ಬ್ಯಾಂಡು ಅನ್ನ ಕೊಡಲಿ. ಬೆಳಗಿನ ಎರಡು ಗಂಟೆ ನಿನ್ನದಾಗಿರಲಿ. ಮೊದಲು ಒಬ್ಬ ಗುರುವನ್ನು ಹುಡುಕು” ಎಂದೆ. ಗೋಪಾಲನಾಥರ ಆ ಎರಡು ದಶಕಗಳನ್ನು ನೆನೆದೇ ಹಾಗೆ ಹೇಳಿದೆ. ನಿಮ್ಮೂರಿನ ಮೆರವಣಿಗೆಯಲ್ಲಿ ಇಂಥವನೊಬ್ಬ ನುಡಿಸುತ್ತ ಹೋದರೆ, ದಯವಿಟ್ಟು ಒಂದು ಹಾಡು ಮುಗಿಯುವವರೆಗಾದರೂ ನಿಂತು ಕೇಳಿರಿ.